ಮದುಮಗಳಿಗೊಂದು ಡೇಟ್ ಮಾತ್ರೆ ಕೊಡಪ್ಪಾ!

ಮಾನ್ಯ ಜಿಲ್ಲಾ ಆರೋಗ್ಯಾಧಿಕಾರಿಗಳೇ,

ನನಗೆ ಮದುವೆಯಾಯಿತು! ತೂಬಗೆರೆಯ ನಮ್ಮ ಮನೆ ಮುಂದಿನ ಚಪ್ಪರದಲ್ಲಿ, ನನ್ನನ್ನು ಸದಾ ನಗಿಸುವ ನವೀನ್‌ಕುಮಾರ್ ಜೊತೆ! ಇದನ್ನು ಊರಿಗೆಲ್ಲ ಕೂಗಿ ಹೇಳಬೇಕಿದ್ದವಳು ನಿಮಗೆ ದೂರು ಬರೆಯುತ್ತಿದ್ದೇನೆ. ನಿಮ್ಮ ಜಿಲ್ಲೆಯಲ್ಲಿ ಮುಟ್ಟು ಮುಂದೂಡುವ ಮಾತ್ರೆ ಚಾಕೊಲೇಟಿನಷ್ಟೇ ಸುಲಭವಾಗಿ ಸಿಗುತ್ತದೆ. ಅದರಿಂದ ನನ್ನ ಪ್ರಾಣವೇ ಹೋಗುವುದರಲ್ಲಿತ್ತು.

ಮುಹೂರ್ತವೂ ಮುಟ್ಟೂ ಒಂದೇ ವಾರ ಬಿದ್ದವು. ಚಿಕ್ಕಪ್ಪನ ಹೆಂಡತಿ ರುಕ್ಮಿಣಮ್ಮ ಮೆಡಿಕಲ್ ಶಾಪಿನಲ್ಲಿ “ಮದುಮಗಳಿಗೆ ಡೇಟ್ ಮಾತ್ರೆ ಕೊಡಪ್ಪಾ” ಎಂದರು. ಆತ ಶುಭ ಹಾರೈಸಿದ, ಬೇರೇನೂ ಕೇಳಲಿಲ್ಲ. ಮಾತ್ರೆ ನುಂಗುತ್ತಲೇ ಶಾಸ್ತ್ರ ಮುಗಿಸಿ, ಗಂಡನ ಊರಾದ ಹೊಸಪೇಟೆಗೆ ರೈಲು ಹತ್ತಿದೆ. ರೇಷ್ಮೆ ಸೀರೆ ಮುದುಡೀತೆಂದು ದಾರಿಯುದ್ದಕ್ಕೂ ಕೂತಲ್ಲಿಂದ ಏಳಲಿಲ್ಲ. ಆಮೇಲೆ ಎಡಗಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯತೊಡಗಿತು.

ಜೊತೆಗೆ ಬಂದಿದ್ದ ಚಿಕ್ಕಮ್ಮ ಕಾರಣ ಹುಡುಕಿಯೇ ಬಿಟ್ಟರು: “ಹೊಸ ಕಾಲುಂಗುರ ಬಿಗಿಯಾಗೈತೆ ಕಣೇ.”

“ಎರಡು ಕಾಲಿಗೂ ಹಾಕಿದೀರಲ್ಲ ಚಿಕ್ಕಮ್ಮ, ಒಂದೇ ಯಾಕೆ ಊದ್ಕೊಳ್ತು?”

“ಕಾನ್ವೆಂಟ್ ಬುದ್ಧಿ ತೋರಿಸ್ಬೇಡ, ಸುಮ್ನೆ ಕಾಲು ಚಾಚು!”

ಹರಳೆಣ್ಣೆ ಹಾಕಿ ಬಲವಾಗಿ ತಿಕ್ಕಿದರು. ಮರುದಿನ ಉಸಿರೆಳೆದರೆ ಎದೆ ಚುಚ್ಚಿತು. ಆಸ್ಪತ್ರೆಗೆ ಓಡಿದಾಗ ಗೊತ್ತಾಯಿತು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದ ರಕ್ತದ ಚೂರು ಶ್ವಾಸಕೋಶ ಸೇರಿತ್ತು. “ನಿಮ್ಮ ಮನೇಲಿ ಯಾರಿಗಾದ್ರೂ ಹೀಗಾಗಿತ್ತಾ?” ಎಂದು ಡಾಕ್ಟರು ಕೇಳಿದರು. ಆಗಿತ್ತು ಸ್ವಾಮಿ! ನಮ್ಮಪ್ಪನ ತಾಯಿ ಸೊಣ್ಣಮ್ಮ ಬಾಣಂತನದಲ್ಲಿ ಕಾಲು ಊದಿ, ಉಸಿರು ಕಟ್ಟಿ ತೀರಿಕೊಂಡರು. ವಂಶದ ಗುಣ, ಮಾತ್ರೆ, ಅಲುಗಾಡದ ಪ್ರಯಾಣ, ಮೂರೂ ಕೂಡಿಬಂದವೆಂದರು ಡಾಕ್ಟರು. ಆ ಒಂದು ಪ್ರಶ್ನೆಯನ್ನು ಅಂಗಡಿಯಲ್ಲೇ ಕೇಳಿದ್ದರೆ ಯಾರ ಗಂಟು ಹೋಗುತ್ತಿತ್ತು?

ಈಗ ರಕ್ತ ಹೆಪ್ಪುಗಟ್ಟದಂತೆ ಔಷಧ ತೆಗೆದುಕೊಳ್ಳುತ್ತಿದ್ದೇನೆ. ಒಮ್ಮೆ ಕೆಮ್ಮಿದರೂ ಜೀವ ನಡುಗುತ್ತದೆ. ಅದಕ್ಕಿಂತ ದೊಡ್ಡ ಭಯ ಬಿಂದುಶ್ರೀಯ ಕುರಿತದ್ದು. ಚಿಕ್ಕಮ್ಮನ ಮಗಳು, ಅದೇ ಸೊಣ್ಣಮ್ಮನ ಮೊಮ್ಮಗಳು. ಅವಳ ಮದುವೆ ಹತ್ತಿರ ಬಂದಿದೆ. ಆ ಮಾತ್ರೆ ಬೇಡವೆಂದು ಫೋನಿನಲ್ಲಿ ಅಂಗಲಾಚಿದೆ. “ನಿಂಗಾಗಿದ್ದು ದೃಷ್ಟಿ ಕಣೇ, ನಿಮ್ಮಜ್ಜಿಗೆ ಆದಂಗೆ. ಮಾತ್ರೆ ಕೆಟ್ಟದ್ದಾದ್ರೆ ಸರ್ಕಾರದೋರು ಮಾರಕ್ಕೆ ಬಿಡ್ತಿದ್ರಾ?” ಎಂದರು ಚಿಕ್ಕಮ್ಮ. ನೋಡಿದಿರಾ, ನಿಮ್ಮ ಮೌನಕ್ಕೆ ನಮ್ಮೂರಿನಲ್ಲಿ ಎಂಥ ಗೌರವ!

ದಯವಿಟ್ಟು ಬಾಯಿ ಬಿಡಿ. ವೈದ್ಯರ ಚೀಟಿಯಿಲ್ಲದೆ ಈ ಮಾತ್ರೆ ಕೊಡಕೂಡದೆಂದು ಅಂಗಡಿಗಳಿಗೆ ತಾಕೀತು ಮಾಡಿ. “ಒಂದೇ ಕಾಲು ಊದಿ ನೋಯುತ್ತಿದ್ದರೆ ತಿಕ್ಕಬೇಡಿ, ಆಸ್ಪತ್ರೆಗೆ ಓಡಿ. ದೂರದ ಪ್ರಯಾಣದಲ್ಲಿ ಆಗಾಗ ಎದ್ದು ನಡೆಯಿರಿ” ಎಂದು ಪ್ರತಿ ಕಲ್ಯಾಣ ಮಂಟಪದಲ್ಲೂ ಬರೆಸಿ. ಅದಕ್ಕೂ ಮೊದಲು ನಿಮ್ಮ ಆಶಾ ಕಾರ್ಯಕರ್ತೆಯನ್ನು ತೂಬಗೆರೆಯ ನಮ್ಮ ಚಿಕ್ಕಮ್ಮನ ಮನೆಗೆ ಕಳಿಸಿ. ನನ್ನ ಮಾತು ಕೇಳದವರು ಸರ್ಕಾರದ ಮಾತು ಕೇಳಿಯಾರು.

ಬಿಂದು ಮೊದಲ ಮಾತ್ರೆ ನುಂಗುವುದು ಶುಕ್ರವಾರ. ಡಾಕ್ಟರ ಒಪ್ಪಿಗೆ ಪಡೆದು, ಅವಳನ್ನು ತಡೆಯಲು ನಾನೂ ಹೊರಟಿದ್ದೇನೆ. ನನಗಿಂತ ಮೊದಲು ನೀವು ತಲುಪಿದರೆ ನಿಮ್ಮ ಕಾಲಿಗೆ ಬೀಳುತ್ತೇನೆ.

ಇಂತಿ,
ಸಂಭ್ರಮಪಡಲೂ ಹೆದರುತ್ತಿರುವ
ಧನುಶ್ರೀ
(ಇ-ಮೇಲ್ ಮೂಲಕ, ಗುರುವಾರ ಬೆಳಿಗ್ಗೆ, ಹಂಪಿ ಎಕ್ಸ್‌ಪ್ರೆಸ್, ದೊಡ್ಡಬಳ್ಳಾಪುರ ನಿಲ್ದಾಣ)