ಆಲ್ಮಾಳ ಎತ್ತರದ ಕಿಟಕಿಗಳು

ಬ್ಲೂ ಫೋರ್ಕ್, ನೆಬ್ರಾಸ್ಕ
ಅಕ್ಟೋಬರ್ 19, 1974

ಮಗಳೇ ಲೊರೀನ್,

ನಿನ್ನೆ ನಾನು ಸಿಟ್ಟಿನಿಂದ ಫೋನ್ ಇಟ್ಟದ್ದಲ್ಲ. "ಇಲ್ಲಿಗೆ ಬಂದ್ಬಿಡಪ್ಪಾ, ಅಲ್ಲಿ ಯಾರಿದಾರೆ ನಿಂಗೆ?" ಅಂತ ಕೇಳಿದೆಯಲ್ಲ, ಅದನ್ನು ಬರೆದೇ ಹೇಳೋಣವೆಂದು ಇಟ್ಟೆ, ಅಷ್ಟೇ.

ಈ ಸೀಮೆಯಲ್ಲಿ ನಾನು ಕಟ್ಟಿಸಿದ ಮನೆಗಳಲ್ಲೆಲ್ಲ ಅಡುಗೆಮನೆಯ ಕಿಟಕಿ ನಿಮ್ಮಮ್ಮನ ಅಳತೆಯದು. ಗೋಡೆಯ ಚೌಕಟ್ಟು ಎದ್ದೊಡನೆ ಆಲ್ಮಾಳನ್ನು ಕರೆತಂದು ನಿಲ್ಲಿಸುತ್ತಿದ್ದೆ; ಬಡಗಿ ಆಟೊ ಅವಳ ಕಣ್ಣಿನ ಮಟ್ಟಕ್ಕೆ ಪೆನ್ಸಿಲ್ ಗೀರು ಎಳೆಯುತ್ತಿದ್ದ. "ಅಕ್ಕಾ, ಕತ್ತು ಚಾಚಬೇಡಿ, ಆಮೇಲೆ ಪಾತ್ರೆ ತೊಳೆಯೋರಿಗೆ ಬರೀ ಆಕಾಶ ಕಾಣತ್ತೆ!" ಎನ್ನುತ್ತಿದ್ದ. "ಕಾಣಲಿ ಬಿಡೋ, ಪಾತ್ರೆ ನೋಡೋದಕ್ಕಿಂತ ವಾಸಿ" ಅಂತ ಇವಳು. ಲಿಂಕನ್ ಪಟ್ಟಣದ ಪತ್ರಿಕೆಯವರು ಆ ಕಿಟಕಿಯನ್ನು ನನ್ನ ಶೈಲಿ ಎಂದು ಬರೆದರು. ಶೈಲಿಯಂತೆ!

ಅವಳು ಹೋದ ಮೇಲೆ ಸಂಜೆ ಹೊತ್ತು ಸುಮ್ಮನೆ ಕಾರಿನಲ್ಲಿ ಸುತ್ತುತ್ತೇನೆ. ದೀಪ ಹಚ್ಚಿದ ಕಿಟಕಿಗಳಲ್ಲಿ ಯಾರ್ಯಾರೋ ಹೆಂಗಸರು. ಮುಖ ಇತ್ತ ತಿರುಗುವ ಮುಂಚಿನ ಒಂದು ಕ್ಷಣ ಎಲ್ಲರೂ ಅವಳೇ. ಕಾಲೇಜಿನ ಇಂಗ್ಲಿಷ್ ಮೇಷ್ಟರು ಇಂಥದ್ದರ ಮೇಲೆ ಏನೋ ಒಂದು ಪದ್ಯ ಓದಿಸಿದ್ದರು. ಮೊದಲ ಸಾಲು ನೆನಪಿದೆ, ಅದೂ ಅರ್ಧ. ಇರಲಿ.

ಸ್ವೆನ್ಸನ್ನರ ಮನೆ ಗೊತ್ತಲ್ಲ, ನಾನು ಕಟ್ಟಿಸಿದ ಮೊದಲನೆಯದು. ಹೊಸದಾಗಿ ಕೊಂಡ ಮಾರ್ನಿ ಎಂಬ ಹುಡುಗಿ ಆ ಕಿಟಕಿ ಎತ್ತರಿಸಬೇಕಂತೆ. ನಾನು ಒಪ್ಪದೆ ಮುಟ್ಟುವುದಿಲ್ಲವಂತೆ. ಬೇಡ ಎನ್ನಲೆಂದೇ ಇವತ್ತು ಹೋದೆ. ಆರಡಿ ಹತ್ತಿರದ ಹೆಣ್ಣು. ಬೆನ್ನು ಬಗ್ಗಿಸಿ ತೋರಿಸಿದಳು. "ನೋಡಿ ಸಾರ್, ಮೇಲಿನ ಪಟ್ಟಿ ಸರಿಯಾಗಿ ಕಣ್ಣಿಗೆ ಅಡ್ಡ. ಸ್ಕೂಲ್ ಬಸ್ ಬಂತಾ ಅಂತ ನೋಡೋಕೆ ದಿನಾ ಹೀಗೆ ಬಗ್ಗಬೇಕು. ಯಾವ ಗುಬ್ಬಿಗೆ ಕಟ್ಟಿದ್ರಿ ಇದನ್ನ?"

ನಗು ಬಂದುಬಿಟ್ಟಿತು. ಆಲ್ಮಾ ಇದ್ದಿದ್ದರೆ ಅವಳೇ ಮೊದಲು ನಗುತ್ತಿದ್ದಳು.

ಕಿಟಕಿಯ ಪಕ್ಕದ ಹಳೆಯ ಪಟ್ಟಿ ಕೀಳಿಸಿದೆ. ಅದರ ಹಿಂದೆ ಆಟೊ ಎಳೆದ ಗೀರು ಹಾಗೇ ಇತ್ತು. ಮಾರ್ನಿಯನ್ನು ನಿಲ್ಲಿಸಿ, ಅದಕ್ಕಿಂತ ಮೇಲೆ ಅವಳ ಕಣ್ಣಿನ ಮಟ್ಟಕ್ಕೆ ನಾನೇ ಇನ್ನೊಂದು ಗೀರು ಹಾಕಿದೆ. ನೆಟ್ಟಗೆ ಬರಲಿಲ್ಲ. ವಾಪಸು ಬರುವಾಗ ಆ ಮನೆಯ ಕಡೆ ತಿರುಗಿ ನೋಡಲಿಲ್ಲ.

ಇನ್ನೂ ಏನೋ ಬರೆಯುವುದಿತ್ತು. ಬೆಳಕು ಹೋಗುತ್ತಿದೆ, ಅಕ್ಷರ ಕಾಣುತ್ತಿಲ್ಲ. ದೀಪ ಹಚ್ಚಿದರೆ ನಮ್ಮ ಅಡುಗೆಮನೆಯ ಗಾಜಿನಲ್ಲಿ ನನ್ನ ಮುಖ ಒಂದೇ ಕಾಣುತ್ತದೆ. ಅದಕ್ಕೇ ಹಚ್ಚುವುದಿಲ್ಲ.

ನಿನ್ನ ಅಪ್ಪ,
ವರ್ನರ್

ಮರೆತಿದ್ದೆ: ಬರುತ್ತೇನೆ. ಮೊದಲು ನಿನ್ನ ಅಡುಗೆಮನೆಯ ಕಿಟಕಿಯ ಮುಂದೆ ನಿಂತು ನೋಡಿ ಬರೆ. ನೀನೂ ಅಮ್ಮನಷ್ಟೇ ಎತ್ತರ. ಬಗ್ಗದೆ, ಕತ್ತು ಚಾಚದೆ ಹೊರಗೆ ಕಾಣುತ್ತದೆಯೇ?