ನಿಲ್ಲದ ಕಾಲು, ನಿಂತ ಮುಳ್ಳು

ಪ್ರೀತಿಯ ಮಾಮ,

ಮನೆಯಲ್ಲಿ ನಾವು ಮಾತಾಡಿದ್ದೆಲ್ಲ ತುಳು. ಬರೆಯಲು ಶಾಲೆಯಲ್ಲಿ ಕಲಿತ ಈ ಕನ್ನಡವೇ ನನಗೆ ಗತಿ. ಓದಿಕೊಳ್ಳುತ್ತೀರಲ್ಲ?

ಹತ್ತನೇ ಕ್ಲಾಸ್ ಮುಗಿದ ರಜೆಯಲ್ಲಿ ಹಂಪನಕಟ್ಟೆಯ ನಿಮ್ಮ ತಕ್ಕಡಿ ರಿಪೇರಿ ಅಂಗಡಿಯಲ್ಲಿ ನನ್ನನ್ನು ಕೂರಿಸಿದ್ದಿರಿ, ನೆನಪುಂಟಾ? ಅಕ್ಕಸಾಲಿಗರ ಸಣ್ಣ ತಕ್ಕಡಿ ಎದುರಿಗಿಟ್ಟು, "ಮುಳ್ಳು ನಿಲ್ಲುವವರೆಗೆ ಬಾಯಿ ಬಿಡ್ಬೇಡ" ಎಂದಿರಿ. ಮುಳ್ಳು ನಿಲ್ಲಲೇ ಇಲ್ಲ. ಮೇಜಿನ ಕೆಳಗೆ ನನ್ನ ಕಾಲು ಕುಣಿಯುತ್ತಿತ್ತು. "ಎಂತದಾ, ಕಾಲಲ್ಲಿ ಹೊಲಿಗೆ ಮಿಷನ್ ಉಂಟಾ ನಿಂಗೆ?" ಎಂದು ತೊಡೆ ಚಿವುಟಿದಿರಿ. ವಾರದೊಳಗೆ ಓಡಿಹೋದೆ. ಆಮೇಲೆ ಪಣಂಬೂರಿನಲ್ಲಿ ಲಾರಿ ಕ್ಲೀನರ್, ತೊಕ್ಕೊಟ್ಟಿನಲ್ಲಿ ಕೊರಿಯರ್... ನಿಮಗೆ ಗೊತ್ತಿರುವುದೇ.

ಕೊನೆಯ ವರ್ಷ ನಿಮ್ಮ ಕೈ ನಡುಗಲು ಶುರುವಾಯಿತು. ಅದನ್ನು ಲುಂಗಿಯ ಮಡಿಕೆಯಲ್ಲಿ ಅಡಗಿಸಿಕೊಂಡು, "ನಡುಗುವ ಕೈಗೆ ತಕ್ಕಡಿ ಸಿಕ್ಕುದಿಲ್ಲ ಮಾರಾಯ, ಇನ್ನು ನೀನೇ ಬಾ" ಎಂದಿರಿ. "ನೋಡುವ ಮಾಮ" ಎಂದೆ. ಅಷ್ಟೇ. ನಾನು ಬರುವ ಮೊದಲೇ ನೀವು ಹೋಗಿಬಿಟ್ಟಿರಿ.

ಈಗ ಒಂದು ಕಾಲೇಜಿನ ಲ್ಯಾಬಿನಲ್ಲಿ ಸಹಾಯಕನಾಗಿದ್ದೇನೆ. ಅಲ್ಲಿಯೂ ಅಳೆಯುವ ಕೆಲಸವೇ ಎಂದರೆ ನಗುತ್ತೀರಿ. ಕೂದಲಿಗಿಂತ ತೆಳುವಾದ ಸ್ಪ್ರಿಂಗ್; ಒಂದು ತುದಿ ಕಚ್ಚಿಸಿ ಇನ್ನೊಂದನ್ನು ಗಾಳಿಯಲ್ಲಿ ಬಿಟ್ಟ ಹಲಗೆಯ ಹಾಗೆ. ಅದರಿಂದ ವಸ್ತುವನ್ನು ಒತ್ತಿ ಎಷ್ಟು ಗಟ್ಟಿ ಎಂದು ನೋಡುತ್ತಾರೆ. ಮೊದಲು ಸ್ಪ್ರಿಂಗೇ ಎಷ್ಟು ಗಟ್ಟಿ ಎಂದು ತಿಳಿಯಬೇಕಲ್ಲ? ಅದರ ಮೇಲೆ ಇಡುವಷ್ಟು ಸಣ್ಣ ತೂಕದ ಕಲ್ಲು ಎಲ್ಲಿಂದ ತರುವುದು? ಹಾಗಾಗಿ ಮುಟ್ಟದೆ ಬಿಡುತ್ತಾರೆ. ಗಾಳಿಯ ಬಿಸಿಗೇ ಅದು ತನ್ನಷ್ಟಕ್ಕೆ ನಡುಗುತ್ತದೆ. ಮೆದುವಾದದ್ದು ಹೆಚ್ಚು, ಬಿರುಸಾದದ್ದು ಕಮ್ಮಿ. ಆ ನಡುಕ ನೋಡಿಯೇ ಲೆಕ್ಕ ಹಾಕುವುದು. ನಡುಗುವುದಕ್ಕೂ ಒಂದು ಬೆಲೆ ಉಂಟು ಎಂದು ನಿಮಗೆ ಹೇಳಬಹುದಿತ್ತು, ಆಗಲೇ ಗೊತ್ತಿದ್ದರೆ...

ಮೊನ್ನೆ ಲ್ಯಾಬಿನ ಸರ್ ಆ ನಡುಕದ ಗ್ರಾಫ್ ನೋಡಿ, "ಇದೆಂತ ಗುಡ್ಡ ಇಲ್ಲಿ?" ಎಂದರು. ಮೇಜಿನ ಕೆಳಗೆ ಬಗ್ಗಿದರು. ಮೇಜನ್ನೂ ಅಲ್ಲಾಡಿಸುತ್ತ ಕುಣಿಯುತ್ತಿದ್ದ ನನ್ನ ಕಾಲು ಕಂಡಿತು. "ಸ್ಪ್ರಿಂಗ್ ನಡುಗಿದ್ರೆ ಸಾಕು ಮಾರಾಯ, ನೀನು ಬೇಡ." ಸ್ಟೂಲಿನ ಮೇಲೆ ನಿಮ್ಮ ಹಾಗೆ ಚಕ್ಕಳಮಕ್ಕಳ ಹಾಕಿ ಕೂತೆ. ಗುಡ್ಡ ಹೋಯಿತು.

ಇನ್ನೊಂದು ಸುದ್ದಿ. ಮುಚ್ಚಿದ ನಿಮ್ಮ ಅಂಗಡಿಯನ್ನು ಮೊಬೈಲ್ ಕವರಿನವರು ಬಾಡಿಗೆಗೆ ಕೇಳುತ್ತಿದ್ದಾರೆ. "ನಿಂಗೆ ಬೇಡ ಅಂತಾದ್ರೆ ಕೊಡ್ತೇನೆ. ಮತ್ತೆ ನೋಡುವ ಅನ್ಬೇಡ" ಎಂದರು ಮಾಮಿ. ಕೊಡಬೇಡಿ ಎಂದೆ. ಇನ್ನು ಲ್ಯಾಬ್ ಮುಗಿಸಿ ದಿನಾ ಸಂಜೆ ನಾನೇ ಬಾಗಿಲು ತೆಗೆಯುತ್ತೇನೆ.

ನಿನ್ನೆ ತೆಗೆದೆ. ಧೂಳು ಒರೆಸಿ, ಅದೇ ಸಣ್ಣ ತಕ್ಕಡಿ ಎದುರಿಗಿಟ್ಟು, ಕಾಲು ಮಡಚಿ ಕೂತೆ. ಹೊರಗೆ ಬಸ್ಸುಗಳ ಗಲಾಟೆ. ಮುಳ್ಳು ನಿಂತಿತು ಮಾಮ. ಅಲ್ಲಿಯವರೆಗೆ ನಾನು ಬಾಯಿ ಬಿಡಲಿಲ್ಲ.

ನಿಮ್ಮ ಅಳಿಯ