ಅರ್ಧ ಬೆರಳಿನ ಸಂದಿಯ ಬೆಳಕು

ಪ್ರೀತಿಯ ಮಾಮನಿಗೆ,

ಎದುರಿಗಿದ್ದಾಗ ನಿನ್ನನ್ನು ‘ನೀನು’ ಅನ್ನುತ್ತೇನೆ. ಕಾಗದದಲ್ಲಿ ಮರ್ಯಾದೆಗೆಂದು ‘ನೀವು’ ಅಂತ ಶುರು ಮಾಡಿ ಎರಡು ಹಾಳೆ ಹರಿದೆ. ಓದಿದರೆ ಹೆಡ್‌ಮಾಸ್ಟರಿಗೆ ರಜೆ ಚೀಟಿ ಬರೆದಂತಿತ್ತು. ಫೋನಿನಲ್ಲೇ ಹೇಳಬಹುದಿತ್ತು ನಿಜ. ಆದರೆ ನನ್ನ ಬಾಯಿಯ ವಿಷಯ ನಿನಗೆ ಗೊತ್ತಲ್ಲ. ಗುಮ್ಮನಗುಸಕಿ ಅಂತ ಹೆಸರಿಟ್ಟವನೇ ನೀನು.

ಈ ಭಾನುವಾರ ಬೆಳಗ್ಗೆ ಹತ್ತಕ್ಕೆ ಟಿವಿಯಲ್ಲಿ ಒಂದು ಸಿನಿಮಾ ಬರುತ್ತದೆ. ಅಕ್ಕ ಮತ್ತು ಇಬ್ಬರು ತಮ್ಮಂದಿರು ದೋಣಿ ಹತ್ತಿ, ನದಿಗುಂಟ ಅಪ್ಪನನ್ನು ಹುಡುಕಿಕೊಂಡು ಹೋಗುವ ಸಿನಿಮಾ. ಹೌದು, ಅದೇ. ಅದರ ಕನ್ನಡ ಮಾತುಗಳನ್ನು ಬರೆದವಳು ನಾನು. ನೀನು ಆಗ ಹೇಳಿದ ಕಥೆಗೂ ನಾನು ಬರೆದದ್ದಕ್ಕೂ ಒಂದೂವರೆ ನಿಮಿಷದ ವ್ಯತ್ಯಾಸವಿದೆ. ಅದನ್ನು ನೋಡಿ, ‘ನನ್ನ ಸುಳ್ಳನ್ನು ಇವಳು ಊರಿಗೆಲ್ಲ ತೋರಿಸಿಬಿಟ್ಟಳು’ ಅಂತ ನೀನು ಮನಸ್ಸು ಸಣ್ಣದು ಮಾಡಿಕೊಳ್ಳಬಾರದು. ಅದಕ್ಕೇ ಈ ಪತ್ರ.

ನನಗಾಗ ಏಳು ವರ್ಷ. ಅಪ್ಪ ತೀರಿಹೋಗಿ ನಾಲ್ಕು ತಿಂಗಳಾಗಿತ್ತು. ಮನೆಯಲ್ಲಿ ಯಾರೂ ಆ ಮಾತನ್ನು ಆಡುತ್ತಿರಲಿಲ್ಲ. ಕೇಳಿದರೆ ‘ಕೆಲಸದ ಮೇಲೆ ದೂರ ಹೋಗಿದ್ದಾರೆ’ ಅನ್ನುತ್ತಿದ್ದರು. ಭಾನುವಾರದ ಮಕ್ಕಳ ಆಟಕ್ಕೆ ನೀನು ನನ್ನನ್ನು ಟಾಕೀಸಿಗೆ ಕರೆದೊಯ್ದು ಕೊನೇ ಸಾಲಿನಲ್ಲಿ, ನಿನ್ನ ಪ್ರೊಜೆಕ್ಟರ್ ಕೋಣೆಯ ಕಿಂಡಿಯ ಕೆಳಗೇ ಕೂರಿಸುತ್ತಿದ್ದೆ. ಸಿನಿಮಾ ಯಾವುದೋ ದೇಶದ್ದು, ಭಾಷೆ ಯಾರಿಗೂ ತಿಳಿಯದು. ಹಾಗಾಗಿ ‘ಚಪ್ಪಲಿ ಬಿಟ್ಟು ಹೋಗಬೇಡಿ’ ಅಂತ ಸಾರುವ ಮೈಕಿನಲ್ಲೇ ನೀನು ಕಥೆ ಹೇಳುತ್ತಿದ್ದೆ. ‘ನೋಡ್ರಪ್ಪ, ಈ ದಪ್ಪ ಮೀಸೆಯವನನ್ನ ನಂಬಬೇಡಿ, ಇವನು ನಮ್ಮ ಗೇಟ್‌ಕೀಪರ್ ಥರ.’ ಗೇಟಿನ ಕಡೆಯಿಂದ ‘ಏಯ್, ಕೇಳಿಸ್ತು ಕಣಯ್ಯ’ ಅಂತ ಕೂಗು. ಮಕ್ಕಳೆಲ್ಲ ಗೊಳ್ ಅನ್ನುತ್ತಿದ್ದರು.

ಈ ಸಿನಿಮಾ ಬಂದ ದಿನ, ತಮ್ಮಂದಿರ ಕೈಯಲ್ಲಿದ್ದ ದಿಕ್ಸೂಚಿಯನ್ನು ನೀನು ‘ದಿಕ್ಕಿನ ಡಬ್ಬಿ’ ಅಂದೆ. ನಾನು ಐದನೇ ಕ್ಲಾಸಿನ ಪರೀಕ್ಷೆಯಲ್ಲಿ ಹಾಗೇ ಬರೆದು ಅರ್ಧ ಅಂಕ ಕಳೆದುಕೊಂಡೆ. ಈಗ ಸಿನಿಮಾದ ಸಣ್ಣ ತಮ್ಮನೂ ‘ದಿಕ್ಕಿನ ಡಬ್ಬಿ’ ಅನ್ನುತ್ತಾನೆ. ಆ ಅರ್ಧ ಅಂಕದ ಸೇಡು ತೀರಿತು.

ಆಮೇಲೆ ಆ ಗುಡಿಸಲು ಬಂತು. ಮೂವರೂ ದೋಣಿ ಕಟ್ಟಿ ದಡ ಹತ್ತಿ ಬಾಗಿಲು ತಳ್ಳಿದರು. ಅಷ್ಟರಲ್ಲಿ ಪರದೆ ಕಪ್ಪಾಯಿತು. ಮೈಕಿನಲ್ಲಿ ನೀನು, ‘ಏನಿಲ್ಲ ಮಕ್ಕಳೇ, ಕರೆಂಟು ಕಣ್ಣು ಮಿಟುಕಿಸ್ತು’ ಅಂದೆ. ಮತ್ತೆ ಚಿತ್ರ ಬಂದಾಗ ಅವರು ದೋಣಿಯಲ್ಲಿದ್ದರು. ‘ಅಪ್ಪ ಮುಂದಿನ ಊರಲ್ಲಿದ್ದಾರಂತೆ, ನಡೀರಿ ಹೋಗೋಣ’ ಅಂದೆ ನೀನು.

ಮಾಮ, ಅವತ್ತು ಕರೆಂಟು ಹೋಗಿರಲಿಲ್ಲ. ನನ್ನ ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ನಾನು ಕತ್ತೆತ್ತಿ ನೋಡಿದೆ. ಕಿಂಡಿಗೆ ನಿನ್ನ ಅಂಗೈ ಅಡ್ಡವಿತ್ತು. ಯಾವುದೋ ಕಾಲದಲ್ಲಿ ಮಿಷಿನ್ನಿಗೆ ಸಿಕ್ಕು ಅರ್ಧವಾದ ನಿನ್ನ ತೋರುಬೆರಳು ಇರಬೇಕಾದ ಜಾಗದಲ್ಲಿ ಸಂದಿಯಿತ್ತು. ಆ ಸಂದಿಯಿಂದ ಬೆಳಕು ಸೋರಿ ಪರದೆಯ ಒಂದು ಮೂಲೆಗೆ ಬಿದ್ದಿತ್ತು. ಮಸುಕಾಗಿ ಕಂಡಿತು. ಗೋಡೆಯ ಮೊಳೆಗೆ ಅವರಪ್ಪನ ಕೋಟು. ಅಕ್ಕ ಅದಕ್ಕೆ ಮುಖ ಒತ್ತಿಕೊಂಡು ನಿಂತಿದ್ದಾಳೆ. ಅಷ್ಟೇ.

ಅವತ್ತು ಮನೆಗೆ ಬಂದವಳು ಬಾಗಿಲ ಹಿಂದೆ ನೇತುಹಾಕಿದ್ದ ಅಪ್ಪನ ಸ್ವೆಟರಿಗೆ ಹಾಗೇ ಮುಖ ಒತ್ತಿದೆ. ಅದುವರೆಗೆ ನಾನು ಅತ್ತಿರಲಿಲ್ಲ. ಹೇಗೆ ಅಳಬೇಕೆಂದೇ ಗೊತ್ತಿರಲಿಲ್ಲ ಅಂತ ಕಾಣುತ್ತದೆ. ನೀನು ಮುಚ್ಚಿದ್ದನ್ನು ನಾನು ನೋಡಿಬಿಟ್ಟಿದ್ದೆ. ನೋಡಿದ್ದೇನೆಂದು ತಿಳಿದರೆ ನಿನಗೆ ನೋವಾಗುತ್ತದೆಂದು ಹದಿನೇಳು ವರ್ಷ ನಾನೂ ಮುಚ್ಚಿಟ್ಟೆ.

ನಮ್ಮ ಡಬ್ಬಿಂಗ್ ಕೋಣೆಯ ಹಿರಿಯರಿಗೆ ನಾವಿಟ್ಟ ಹೆಸರು ತುಟಿ ಸಾಹೇಬ್ರು. ಪರದೆಯ ಮೇಲಿನ ತುಟಿ ಮುಚ್ಚಿದಲ್ಲಿ ನಮ್ಮ ಮಾತಿನಲ್ಲೂ ಪ, ಬ, ಮ ಏನಾದರೂ ಬೀಳಲೇಬೇಕು, ಇಲ್ಲದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಹೋದ ವಾರ ಅವರು, ‘ಮನೆಮಂದಿ ಎಲ್ಲ ಕೂತು ನೋಡೋ ಸಿನಿಮಾ ಕಣಮ್ಮ. ಆ ಕೋಟಿನ ಶಾಟು ಕತ್ತರಿಸಿಬಿಡೋಣ. ಅಕ್ಕನ ಬಾಯಲ್ಲಿ ಅಪ್ಪ ಬರ್ತಾರೆ ಅನ್ನಿಸು’ ಅಂದರು. ನಾನು ಎಂದಿನಂತೆ ತಲೆಯಾಡಿಸಿ ಬಂದೆ. ಬಂದು ಆ ತುಣುಕನ್ನು ಇಪ್ಪತ್ತು ಸಲ ಹಾಕಿ ನೋಡಿದೆ. ಮರುದಿನ ಅವರ ಮೇಜಿನ ಮುಂದೆ ನಿಂತು, ‘ಸಾರ್, ಅಪ್ಪ ಬರ್ತಾರೆ ಅಂದರೆ ತುಟಿ ಎರಡು ಸಲ ಮುಚ್ಚಬೇಕು. ತಮ್ಮನ ಕಡೆ ತಿರುಗಿದ ಹುಡುಗಿ ಒಂದೇ ಸಲ ಮುಚ್ತಾಳೆ. ಅಪ್ಪ ಇಲ್ಲ ಕಣೋ ಅಂದರೆ ಸರಿಯಾಗಿ ಕೂಡುತ್ತೆ’ ಅಂದೆ. ಅಷ್ಟು ಉದ್ದ ನಾನು ಅಲ್ಲಿ ಮಾತಾಡಿದ್ದು ಅದೇ ಮೊದಲು.

ಅವರು ಕನ್ನಡಕ ತೆಗೆದು ಒರೆಸಿದರು. ‘ಅಪ್ಪ ಇದ್ದಾರೆ ಕಣೋ ಅಂದರೂ ಕೂಡುತ್ತೆ. ಅದು ನಿನಗೂ ಗೊತ್ತು’ ಅಂದರು.

ಗೊತ್ತಿತ್ತು, ಮಾಮ. ಅವರಿಗೆ ಹೊಳೆಯದಿರಲಿ ಅಂತ ದಾರಿಯುದ್ದಕ್ಕೂ ಬೇಡಿಕೊಂಡು ಹೋಗಿದ್ದೆ. ಇನ್ನು ಬೇರೆ ದಾರಿಯಿರಲಿಲ್ಲ. ನಿನ್ನ ಅಂಗೈ, ಅರ್ಧ ಬೆರಳು, ಬಾಗಿಲ ಹಿಂದಿನ ಸ್ವೆಟರು, ಎಲ್ಲವನ್ನೂ ಹೇಳಿದೆ. ನಡುವೆ ಅವರು ನೀರಿನ ಬಾಟಲಿಯನ್ನು ನನ್ನ ಕಡೆ ಸರಿಸಿದರು. ಕೊನೆಗೆ, ‘ಇಲ್ಲ ಅಂತಲೇ ಇಡು. ಕೋಟೂ ಇರಲಿ’ ಅಂದರು. ನಾನು ಬಾಗಿಲು ದಾಟುವಾಗ ಹಿಂದಿನಿಂದ, ‘ನಿಮ್ಮ ಮಾಮ ನಮ್ಮಲ್ಲಿಗೆ ಬಂದಿದ್ದರೆ ನನ್ನ ಕೆಲಸಕ್ಕೇ ಸಂಚಕಾರ ಬರ್ತಿತ್ತು’ ಅಂತಲೂ ಅಂದರು.

ನೀನು ಹೇಳಿದ್ದು ಸುಳ್ಳೆಂದು ತೋರಿಸಲು ನಾನು ಆ ದೃಶ್ಯ ಉಳಿಸಲಿಲ್ಲ. ನನ್ನ ಪುಟ್ಟ ಕಣ್ಣಿಗೆ ಎಷ್ಟು ತಾಳುತ್ತಿತ್ತೋ ಅಷ್ಟೇ ಬೆಳಕನ್ನು ಆ ಮೊಂಡು ಬೆರಳು ಬಿಟ್ಟುಕೊಟ್ಟಿತು. ಉಳಿದದ್ದನ್ನು ನಿನ್ನ ಅಂಗೈ ತಡೆಯಿತು. ನನಗೆ ಎರಡೂ ಬೇಕಿತ್ತು. ಬೇರೆ ಮನೆಗಳಲ್ಲೂ ಬಾಗಿಲ ಹಿಂದೆ ಏನೋ ನೇತಾಡುತ್ತಿರುತ್ತದೆ, ಯಾರೂ ಅದರ ಮಾತೆತ್ತುವುದಿಲ್ಲ. ಅಲ್ಲಿನ ಮಗುವಿಗೂ ಈ ಕೋಟು ಕಾಣಲಿ ಅನ್ನಿಸಿತು. ಮತ್ತೆ, ಗುಡಿಸಲಿಗೆ ಹೋಗುವ ಮೊದಲು ಗಾಳಿಗೆ ಲಾಟೀನು ಆರಿದಾಗ ದೊಡ್ಡ ತಮ್ಮ ಏನನ್ನುತ್ತಾನೆ ಗೊತ್ತಾ? ‘ಏನಿಲ್ಲ, ದೀಪ ಕಣ್ಣು ಮಿಟುಕಿಸ್ತು.’ ಅದು ನಿನ್ನದೇ ಮಾತು. ಕೇಳದೆ ತೆಗೆದುಕೊಂಡಿದ್ದೇನೆ.

ಶನಿವಾರ ಸಂಜೆಯ ಬಸ್ಸಿಗೆ ಅಮ್ಮನನ್ನೂ ಕರೆದುಕೊಂಡು ಬರುತ್ತೇನೆ. ಟಾಕೀಸು ಮುಚ್ಚಿದ ಮೇಲೆ ನೀನು ಒಂದು ಸಿನಿಮಾವನ್ನೂ ಪೂರ್ತಿ ಕೂತು ನೋಡಿಲ್ಲ ಅಂತ ಅತ್ತೆ ದೂರುತ್ತಾರೆ. ಇದನ್ನು ನೋಡು. ಆ ಗುಡಿಸಲಿನ ಬಾಗಿಲು ತೆರೆಯುವಾಗ ನಿನ್ನ ಕೈ ತಾನಾಗಿ ಮೇಲೇಳಬಹುದು, ಹಳೆಯ ಅಭ್ಯಾಸ. ಎದ್ದರೆ ನನ್ನ ಕೈಯಲ್ಲಿಡು. ಈ ಸಲ ನಾನು ನಿನ್ನ ಪಕ್ಕದಲ್ಲೇ ಕೂತಿರುತ್ತೇನೆ.

ನಿನ್ನ ಕಣ್ಣು, ನಿನ್ನ ದನಿ, ಆ ಒಂಬತ್ತೂವರೆ ಬೆರಳು ಎಲ್ಲ ಚೆನ್ನಾಗಿರಲಿ.

ಇಷ್ಟು ದಿನಕ್ಕೆ ಬಾಯಿ ಬಿಟ್ಟ,
ನಿನ್ನ ಗುಮ್ಮನಗುಸಕಿ